ಅಮ್ಮನಿಗೆ ಬೆರಳು, ಅಪ್ಪನಿಗೆ ಮಂಡಿ: ಇಬ್ಬರ ಕೀಲುನೋವಿಗೂ ಒಂದೇ ಇಂಜೆಕ್ಷನ್ ಸಾಕೇ?

ಸಾಲದು. ನಿಮ್ಮ ಪ್ರಶ್ನೆಗೆ ಬೇಗ ಉತ್ತರಿಸುತ್ತಿದ್ದೇನೆ, ಏಕೆಂದರೆ ನೀವು ಬರೆದ ಇಬ್ಬರಲ್ಲಿ ಒಬ್ಬರಿಗೆ ಕಾಯಲು ಸಮಯವಿಲ್ಲ. ಮನೆಯವರೆಲ್ಲ ಅಂದುಕೊಂಡಿರುವಂತೆ ಅದು ನಿಮ್ಮ ತಂದೆಯವರಲ್ಲ, ತಾಯಿಯವರು.

ನೀವು ಹೇಳಿದ್ದನ್ನು ಇತರ ಓದುಗರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ರೈತ ಕುಟುಂಬ ನಿಮ್ಮದು. ತಾಯಿಯವರಿಗೆ 48 ವರ್ಷ. ಐದು ತಿಂಗಳಿಂದ ಎರಡೂ ಕೈಗಳ ಬೆರಳುಗಳ ಬುಡ ಮತ್ತು ಮಣಿಕಟ್ಟು ಊದಿ ನೋಯುತ್ತಿವೆ. ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಮುಷ್ಟಿ ಮಡಚಲಾಗುವುದಿಲ್ಲ. ಜೋಳದ ರೊಟ್ಟಿ ಬಡಿಯುವುದನ್ನೇ ಬಿಟ್ಟಿದ್ದಾರೆ. ತಂದೆಯವರಿಗೆ 63. ವರ್ಷಗಳಿಂದ ಮಂಡಿನೋವು, ಕುಳಿತು ಏಳುವಾಗ ಮತ್ತು ಮೆಟ್ಟಿಲು ಇಳಿಯುವಾಗ ಹೆಚ್ಚು. ಊರಿನ ವೈದ್ಯರು ಇಬ್ಬರಿಗೂ ಒಂದೇ ಇಂಜೆಕ್ಷನ್, ಒಂದೇ ಮಾತ್ರೆ ಕೊಡುತ್ತಾರೆ. ಕೆಲವು ದಿನ ಹಾಯೆನಿಸಿ ನೋವು ಮತ್ತೆ ಬರುತ್ತದೆ. ತಾಯಿಯವರ ಆರ್‌ಎ ಫ್ಯಾಕ್ಟರ್ ಎಂಬ ಸಂಧಿವಾತದ ರಕ್ತಪರೀಕ್ಷೆ ನೆಗೆಟಿವ್ ಬಂದದ್ದರಿಂದ ‘ವಾಯು, ಕ್ಯಾಲ್ಸಿಯಂ ಕಡಿಮೆ’ ಎಂದು ಬಿಟ್ಟಿದ್ದಾರೆ. ತಂದೆಯವರ ಮಂಡಿ ಬದಲಾಯಿಸಲು ಹಣ ಕೂಡಿಸುತ್ತಿದ್ದೀರಿ.

ನಾನು ಫಿಸಿಯೋಥೆರಪಿಸ್ಟ್. ಔಷಧ ಬರೆಯುವವಳಲ್ಲ, ನಿಮ್ಮ ತಾಯಿಯವರನ್ನು ಕಣ್ಣಾರೆ ಕಂಡವಳೂ ಅಲ್ಲ. ಆದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಜೋಡಿಯನ್ನು ಬಹಳ ಸಲ ನೋಡಿದ್ದೇನೆ. ಗಂಡಸಿನ ಮಂಡಿನೋವು ಮನೆಯ ದೊಡ್ಡ ವಿಷಯವಾಗುತ್ತದೆ. ಹೆಂಗಸು ಸದ್ದಿಲ್ಲದೆ ಎಡಗೈಯಿಂದ ಬಲಗೈ ತಿಕ್ಕಿಕೊಳ್ಳುತ್ತ ಕೆಲಸ ಮುಂದುವರಿಸುತ್ತಾಳೆ. ಕೊನೆಗೆ ಆಕೆಯ ಬೆರಳುಗಳು ಒಂದೇ ಕಡೆಗೆ ವಾಲಿ ಸೊಟ್ಟಗಾದ ಮೇಲೆ ನಮ್ಮಲ್ಲಿಗೆ ಕರೆತರುತ್ತಾರೆ. ಹಾಗೆ ಸೊಟ್ಟಗಾದ ಬೆರಳನ್ನು ವ್ಯಾಯಾಮದಿಂದ ನೇರ ಮಾಡಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೀಲುನೋವಿನಲ್ಲಿ ನಾನು ಮೊದಲು ಕೇಳುವುದು ನೋವು ಎಷ್ಟಿದೆ ಎಂದಲ್ಲ, ದಿನದ ಯಾವ ಹೊತ್ತಿನಲ್ಲಿ, ಏನು ಮಾಡಿದಾಗ ಇದೆ ಎಂದು. ಸವೆತದ ನೋವು ಕೆಲಸದ ಜೊತೆ ಬರುತ್ತದೆ, ಕುಳಿತರೆ ತಗ್ಗುತ್ತದೆ. ಬೆಳಗಿನ ಬಿಗಿತ ಇದ್ದರೂ ಅರ್ಧ ಗಂಟೆಯೊಳಗೆ ಹೋಗುತ್ತದೆ. ಉರಿಯೂತದ, ಅಂದರೆ ಕೀಲು ಒಳಗೇ ಕೆರಳಿ ಊದುವ ನೋವಿನ ನಡತೆ ಇದಕ್ಕೆ ತಿರುಗುಮುರುಗು. ವಿಶ್ರಾಂತಿಯಲ್ಲಿ ಬಿಗಿಯುತ್ತದೆ, ನಸುಕಿನಲ್ಲಿ ಎಬ್ಬಿಸುತ್ತದೆ, ಓಡಾಡಿ ಕೈಯಾಡಿಸಿದ ಮೇಲೆ ಸಡಿಲಾಗುತ್ತದೆ. ನಿಮ್ಮ ತಂದೆಯವರದು ಮೊದಲ ಬಗೆ, ತಾಯಿಯವರದು ಎರಡನೆಯದು. ಎರಡೂ ಕೈಗಳಲ್ಲಿ ಒಂದೇ ಸಮನೆ, ಬೆರಳ ತುದಿಯ ಗೆಣ್ಣನ್ನು ಬಿಟ್ಟು ನಡುಗೆಣ್ಣು, ಬುಡದ ಗೆಣ್ಣು, ಮಣಿಕಟ್ಟುಗಳಲ್ಲಿ ಊತವಿದ್ದು, ಅದು ಆರು ವಾರ ದಾಟಿದ್ದರೆ ವೈದ್ಯರು ಮೊದಲು ನೆನೆಯಬೇಕಾದ ಕಾಯಿಲೆ ರುಮಟಾಯ್ಡ್ ಸಂಧಿವಾತ. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಅವರ ಅಂಗೈಯನ್ನು ಕೈಕುಲುಕುವಂತೆ ಹಿಡಿದು, ಬೆರಳುಗಳ ಬುಡದ ಸಾಲನ್ನು ಎರಡೂ ಪಕ್ಕದಿಂದ ಮೆಲ್ಲಗೆ ಅಮುಕಿ. ಅಷ್ಟಕ್ಕೇ ನೋವಿನಿಂದ ಮುಖ ಕಿವುಚಿದರೆ ತಡಮಾಡಬೇಡಿ.

ಈ ಕಾಯಿಲೆ ಕೀಲು ಸವೆದು ಬರುವುದಲ್ಲ, ವಯಸ್ಸಾಗಿ ಬರುವುದೂ ಅಲ್ಲ. ನಮ್ಮನ್ನು ಸೋಂಕಿನಿಂದ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ಎರಗುತ್ತದೆ. ತೆಳ್ಳಗಿರಬೇಕಾದ ಆ ಪೊರೆ ಊದಿ ದಪ್ಪವಾಗಿ, ಹೊಲದಲ್ಲಿ ಕಳೆ ಬೆಳೆಯ ಮೇಲೆ ಹಬ್ಬುವಂತೆ ಎಲುಬಿನ ತುದಿಯ ನುಣುಪು ಹೊದಿಕೆಯಾದ ಮೃದ್ವಸ್ಥಿಯ ಮೇಲೆ ಹಬ್ಬಿ, ಅದನ್ನೂ ಅಂಚಿನ ಎಲುಬನ್ನೂ ಕೊರೆಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ರಕ್ತಸಂಬಂಧಿಗಳಲ್ಲಿ ಇದ್ದರೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ, ಧೂಮಪಾನ ಅದನ್ನು ಇನ್ನೂ ಏರಿಸುತ್ತದೆ. ಆದರೆ ‘ತಣ್ಣೀರಲ್ಲಿ ಬಟ್ಟೆ ಒಗೆದು ಬಂತು’, ‘ಬಾಣಂತನ ಸರಿಯಾಗಲಿಲ್ಲ, ಅದಕ್ಕೇ ಬಂತು’ ಎಂಬ ಮಾತುಗಳಿಗೆ ಆಧಾರವಿಲ್ಲ. ದಯವಿಟ್ಟು ಆ ಮಾತು ಅವರ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ನೋವಿನ ಜೊತೆಗೆ ತಾನೇ ತಂದುಕೊಂಡೆ ಎಂಬ ಕೊರಗನ್ನೂ ಹೊತ್ತ ಹೆಂಗಸರನ್ನು ನೋಡಿ ನನಗೆ ಸಂಕಟವಾಗಿದೆ.

ಸಮಯದ ವಿಚಾರಕ್ಕೆ ಬರುತ್ತೇನೆ. ಎಲುಬಿನ ಕೊರೆತ ಮೊದಲ ಒಂದೆರಡು ವರ್ಷಗಳಲ್ಲಿಯೇ ಶುರುವಾಗುತ್ತದೆ. ಕೊರೆದದ್ದು ಮತ್ತೆ ತುಂಬುವುದಿಲ್ಲ. ಆದ್ದರಿಂದ ಯುರೋಪಿನ ಸಂಧಿವಾತ ತಜ್ಞರ ಮಾರ್ಗಸೂಚಿ, ಲಕ್ಷಣ ಕಂಡ ಆರು ವಾರದೊಳಗೆ ತಜ್ಞರನ್ನು ಕಾಣಬೇಕು, ಮೂರು ತಿಂಗಳೊಳಗೆ ಕಾಯಿಲೆಯನ್ನೇ ಹಿಡಿಯುವ ಔಷಧ ಶುರುವಾಗಬೇಕು ಎನ್ನುತ್ತದೆ. ನಿಮ್ಮ ತಾಯಿಯವರಿಗೆ ಐದು ತಿಂಗಳಾಗಿದೆ. ಗಾಬರಿ ಬೇಡ, ಈಗ ಶುರು ಮಾಡಿದರೂ ಉಳಿಸಿಕೊಳ್ಳುವುದು ಬಹಳಷ್ಟಿದೆ. ಆದರೆ ‘ಸುಗ್ಗಿ ಮುಗಿಯಲಿ’ ಎನ್ನಬೇಡಿ.

ನೆಗೆಟಿವ್ ವರದಿಯ ಬಗ್ಗೆ ಹೇಳಲೇಬೇಕು. ಆರ್‌ಎ ಫ್ಯಾಕ್ಟರ್ ಇಲ್ಲ ಎಂದರೆ ಕಾಯಿಲೆ ಇಲ್ಲ ಎಂದಲ್ಲ. ಈ ಸಂಧಿವಾತ ಇರುವ ಐವರಲ್ಲಿ ಒಬ್ಬರಿಗಾದರೂ ಆ ಪರೀಕ್ಷೆ ನೆಗೆಟಿವ್ ಇರುತ್ತದೆ. ಇತ್ತ ಕಾಯಿಲೆಯೇ ಇಲ್ಲದ ಕೆಲವು ವಯಸ್ಸಾದವರಲ್ಲಿ, ಬೇರೆ ಸೋಂಕು ಇರುವವರಲ್ಲಿ ಪಾಸಿಟಿವ್ ಬರುತ್ತದೆ. ಆಂಟಿ-ಸಿಸಿಪಿ ಎಂಬ ಇನ್ನೊಂದು ರಕ್ತಪರೀಕ್ಷೆ ಪಾಸಿಟಿವ್ ಬಂದರೆ ಅದನ್ನು ಹೆಚ್ಚು ನೆಚ್ಚಬಹುದು. ಇಎಸ್‌ಆರ್ ಮತ್ತು ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳು ಉರಿಯೂತ ಎಷ್ಟಿದೆ ಎಂದು ತೋರಿಸುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಅನುಭವವಿರುವ ವೈದ್ಯರು ಒಂದೊಂದು ಕೀಲನ್ನೂ ಮುಟ್ಟಿ ನೋಡುವುದು. ಕಾಗದ ನೋಡಿ ಕೈ ನೋಡದವರು ನಿಮ್ಮ ತಾಯಿಯವರಿಗೆ ಸಾಲದು.

ಹಾಗಾದರೆ ಆ ಇಂಜೆಕ್ಷನ್ನಿಂದ ಅಷ್ಟು ಆರಾಮವಾಗುವುದೇಕೆ? ಚೀಟಿಯನ್ನು ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಒಂದೇ ದಿನದಲ್ಲಿ ಊತ ಇಳಿದು, ಕೆಲವು ದಿನಗಳ ನಂತರ ಅಷ್ಟೇ ಜೋರಾಗಿ ಮರಳುತ್ತದೆ ಎಂದರೆ ಅದರಲ್ಲಿ ಸ್ಟೀರಾಯ್ಡ್, ಅಂದರೆ ಉರಿಯೂತವನ್ನು ಬೇಗ ಅಡಗಿಸುವ ಔಷಧ, ಇರಬಹುದೇ ಎಂದು ಕೇಳಿ ತಿಳಿಯಬೇಕು. ಸ್ಟೀರಾಯ್ಡ್‌ನ ಈ ಮೋಡಿ ಹೊಸದಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಜೊತೆಗಾರರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಯುವತಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ನಡೆದಾಡಿದಳು. 1950ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ದೀರ್ಘಕಾಲ, ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಮುಖ ಊದುವುದು, ಸಕ್ಕರೆ ಮತ್ತು ರಕ್ತದೊತ್ತಡ ಏರುವುದು, ಎಲುಬು ಟೊಳ್ಳಾಗುವುದು, ಕಣ್ಣಿನ ಪೊರೆ, ಸೋಂಕು ಎಲ್ಲವೂ ಬೇಗನೆ ಬೆಳಕಿಗೆ ಬಂದವು. ಇಂದೂ ತಜ್ಞರು ಸ್ಟೀರಾಯ್ಡ್ ಬಳಸುತ್ತಾರೆ, ಆದರೆ ಮುಖ್ಯ ಔಷಧ ಕೆಲಸಕ್ಕೆ ಇಳಿಯುವವರೆಗೆ ಅಲ್ಪ ಪ್ರಮಾಣದಲ್ಲಿ, ಅಲ್ಪಕಾಲ ಮಾತ್ರ. ಹೆಸರು ಹೇಳದ ಇಂಜೆಕ್ಷನ್ನನ್ನು ತಿಂಗಳು ತಿಂಗಳು ಚುಚ್ಚಿಸಿಕೊಳ್ಳುವುದು ಬೇರೆಯೇ ವಿಷಯ. ಸಂತೆಯಲ್ಲಿ, ಬಸ್ ನಿಲ್ದಾಣದ ಬಳಿ ಪೊಟ್ಟಣ ಕಟ್ಟಿ ಮಾರುವ ‘ವಾತದ ಪುಡಿ’ಗಳಲ್ಲೂ ಸ್ಟೀರಾಯ್ಡ್ ಬೆರೆತಿರುವುದುಂಟು. ನುಂಗಿದ ಮರುದಿನವೇ ನೋವು ಮಾಯವಾಗುವ ಯಾವ ಪುಡಿಯನ್ನೂ ನಂಬಬೇಡಿ. ಒಂದು ಎಚ್ಚರಿಕೆ: ವಾರಗಟ್ಟಲೆ ದಿನವೂ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸಬಾರದು. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ, ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ರೋಗ ಖಚಿತವಾದರೆ ಸಾಮಾನ್ಯವಾಗಿ ಮೊದಲು ಬರೆಯುವ ಔಷಧ ಮೆಥೊಟ್ರೆಕ್ಸೇಟ್. ಅಂತರ್ಜಾಲದಲ್ಲಿ ಹುಡುಕಿದರೆ ‘ಕ್ಯಾನ್ಸರ್ ಔಷಧ’ ಎಂದು ಕಾಣುತ್ತದೆ. ಅದನ್ನು ಓದಿ ಹೆದರಿದ ಮಕ್ಕಳೇ ತಾಯಿಯ ಮಾತ್ರೆ ನಿಲ್ಲಿಸಿದ್ದನ್ನು ನೋಡಿದ್ದೇನೆ. 1940ರ ದಶಕದಲ್ಲಿ ರಕ್ತದ ಕ್ಯಾನ್ಸರಿಗೆಂದೇ ಅದು ಹುಟ್ಟಿದ್ದು ನಿಜ. ಆ ಬಗೆಯ ಔಷಧಗಳನ್ನು ರೂಪಿಸಿದ ತಂಡವನ್ನು ಮುನ್ನಡೆಸಿದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯೆಲ್ಲಾಪ್ರಗಡ ಸುಬ್ಬರಾವ್. ಸಂಧಿವಾತಕ್ಕೆ ಕೊಡುವುದು ಕ್ಯಾನ್ಸರಿಗೆ ಕೊಡುವುದರ ಅಲ್ಪಾಂಶ. ವಾರಕ್ಕೆ 7.5ರಿಂದ 25 ಮಿಲಿಗ್ರಾಂ ನಡುವೆ ಇರುತ್ತದೆ. ವಾರಕ್ಕೆ ಎಂಬುದನ್ನು ದಯವಿಟ್ಟು ಮತ್ತೊಮ್ಮೆ ಓದಿ. ಈ ಮಾತ್ರೆ ವಾರದಲ್ಲಿ ಒಂದೇ ದಿನ. ದಿನವೂ ನುಂಗಿದರೆ ರಕ್ತಕಣ ತಯಾರಿಸುವ ಎಲುಬಿನ ಮಜ್ಜೆ ಕುಗ್ಗಿ ಜೀವಕ್ಕೇ ಅಪಾಯವಾಗುತ್ತದೆ. ಉಳಿದ ಮಾತ್ರೆಗಳ ಡಬ್ಬಿಯಲ್ಲಿ ಇದನ್ನು ಬೆರೆಸಬೇಡಿ. ವಾರದ ಒಂದು ದಿನವನ್ನು ನಿಗದಿ ಮಾಡಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಪೊಟ್ಟಣದ ಮೇಲೂ ಆ ದಿನದ ಹೆಸರು ಬರೆಯಿರಿ. ತಾಯಿಯವರಿಗೆ ಓದಲು ಬಾರದಿದ್ದರೆ ಮಾತ್ರೆ ನಿಮ್ಮ ಕೈಯಲ್ಲಿರಲಿ. ಜೊತೆಗೆ ಫೋಲಿಕ್ ಆಮ್ಲದ ಮಾತ್ರೆಯನ್ನು ವೈದ್ಯರು ಹೇಳಿದ ದಿನ ಕೊಡಬೇಕು. ಬಾಯಿಹುಣ್ಣು, ವಾಕರಿಕೆ ಅದರಿಂದ ಕಡಿಮೆಯಾಗುತ್ತವೆ.

ಶುರು ಮಾಡುವ ಮುನ್ನ ರಕ್ತಕಣಗಳ ಎಣಿಕೆ, ಯಕೃತ್ತು, ಮೂತ್ರಪಿಂಡ, ಹೆಪಟೈಟಿಸ್ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಮಾಡಿಸುತ್ತಾರೆ. ಆಮೇಲೂ ರಕ್ತಪರೀಕ್ಷೆ ನಿಯಮಿತವಾಗಿ ನಡೆಯುತ್ತಿರಬೇಕು. ಅದನ್ನು ಸುಮ್ಮನೆ ಖರ್ಚು ಎಂದು ತಪ್ಪಿಸಬೇಡಿ. ಗರ್ಭಿಣಿಯರಿಗೆ ಈ ಔಷಧ ಸಲ್ಲದು, ಮುಟ್ಟು ಇನ್ನೂ ನಿಂತಿರದಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು. ಜ್ವರ, ಒಣಕೆಮ್ಮಿನ ಜೊತೆ ಏದುಸಿರು, ಬಾಯಿ ತುಂಬ ಹುಣ್ಣು ಕಂಡರೆ ಮುಂದಿನ ಮಾತ್ರೆ ನುಂಗದೆ ಕೂಡಲೇ ವೈದ್ಯರನ್ನು ಕಾಣಿ. ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಬಹಳ ಜನ ಎಡವುವುದು ಇಲ್ಲಿಯೇ: ಇಂಜೆಕ್ಷನ್ ಒಂದು ದಿನದಲ್ಲಿ ಮಾಡಿದ್ದನ್ನು ಈ ಮಾತ್ರೆ ಒಂದು ತಿಂಗಳಾದರೂ ಮಾಡಲಿಲ್ಲ ಎಂದು ಬಿಟ್ಟುಬಿಡುತ್ತಾರೆ. ಒಗ್ಗದಿದ್ದರೆ ಅಥವಾ ಸಾಲದಿದ್ದರೆ ಸಲ್ಫಸಲಜೀನ್, ಲೆಫ್ಲುನೊಮೈಡ್, ಹೈಡ್ರಾಕ್ಸಿಕ್ಲೋರೋಕ್ವಿನ್ ಇವೆ. ಕೊನೆಯದಕ್ಕೆ ಕಣ್ಣಿನ ತಪಾಸಣೆ ಬೇಕು. ಮೆಥೊಟ್ರೆಕ್ಸೇಟ್ ದೇಶದ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ, ದುಬಾರಿಯೂ ಅಲ್ಲ. ತಂದೆಯವರ ಮಂಡಿಗೆಂದು ಕೂಡಿಸಿದ ಹಣದ ಒಂದು ಸಣ್ಣ ಪಾಲು ಸಾಕು.

ರುಮಟಾಲಜಿಸ್ಟ್, ಅಂದರೆ ಸಂಧಿವಾತ ತಜ್ಞರು, ಎಲ್ಲ ಊರಲ್ಲಿ ಸಿಗುವುದಿಲ್ಲ. ಹುಬ್ಬಳ್ಳಿ, ಬೆಂಗಳೂರಿನಂಥ ನಗರಗಳಲ್ಲಿದ್ದಾರೆ. ಕೂಡಲೇ ಅಷ್ಟು ದೂರ ಹೋಗಲಾಗದಿದ್ದರೆ ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಹೋಗಿ. ಮೂಳೆ ವಿಭಾಗಕ್ಕಲ್ಲ, ಮೆಡಿಸಿನ್ ವಿಭಾಗಕ್ಕೆ. ಅಲ್ಲಿಂದ ಮುಂದಿನ ದಾರಿ ತೋರಿಸುತ್ತಾರೆ.

ವೈದ್ಯರು ಇನ್ನೂ ಕೆಲವನ್ನು ತಳ್ಳಿಹಾಕಬೇಕಾಗುತ್ತದೆ. ಐದು ತಿಂಗಳ ಹಿಂದೆ ಜ್ವರ ಬಂದು ಮೈಕೈ ಹಿಡಿದುಕೊಂಡಿತ್ತೇ ಎಂದು ನೆನಪಿಸಿಕೊಳ್ಳಿ. ಚಿಕೂನ್‌ಗುನ್ಯಾ ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ನೋಡಲು ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದಾಗ ಇಡೀ ಓಣಿಗಳೇ ಬಗ್ಗಿ ನಡೆದದ್ದು ಹಿರಿಯರಿಗೆ ನೆನಪಿರುತ್ತದೆ. ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆಯಲ್ಲೂ ಮೈಕೈ ನೋಯುತ್ತದೆ, ಆದರೆ ಕೀಲು ಹೀಗೆ ಊದುವುದು ಅಪರೂಪ. ತಲೆಯಲ್ಲಿ ಅಥವಾ ಮೊಣಕೈಯಲ್ಲಿ ಹೊಟ್ಟು ಉದುರುವ ಸೋರಿಯಾಸಿಸ್ ಇದ್ದರೆ ಅದಕ್ಕೆ ಸೇರಿದ ಸಂಧಿವಾತ ಬೇರೆಯೇ ಇದೆ.

ನಿಮ್ಮ ಜಿಲ್ಲೆಯವರಾದ್ದರಿಂದ ಇನ್ನೊಂದು ಮಾತು. ಕುಡಿಯುವುದು ಕೊಳವೆಬಾವಿಯ ನೀರೇ? ಕೊಪ್ಪಳ, ರಾಯಚೂರು, ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳು ಬಹಳ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ, ಪ್ರಮಾಣ ಹೆಚ್ಚಿದಂತೆ ಹಲ್ಲು ಕಂದುಗಟ್ಟುವುದರಿಂದ ಹಿಡಿದು ಬೆನ್ನು, ಸೊಂಟ, ಮಂಡಿ ಬಿಗಿಯುವವರೆಗೂ ತೊಂದರೆಯಾಗುತ್ತದೆ. ಊರಿನ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಕಾಣುತ್ತಿದ್ದರೆ ಪಂಚಾಯಿತಿಯಲ್ಲಿ ಕೇಳಿ ನೀರು ಪರೀಕ್ಷೆ ಮಾಡಿಸಿ. ಫ್ಲೋರೈಡನ್ನು ಕುದಿಸಿ ತೆಗೆಯಲಾಗುವುದಿಲ್ಲ. ತಂದೆಯವರ ಮಂಡಿಯ ವಿಚಾರದಲ್ಲಿ ಇದನ್ನೂ ವೈದ್ಯರ ಗಮನಕ್ಕೆ ತನ್ನಿ.

ಈಗ ತಂದೆಯವರು. 63ರ ರೈತನ ಮಂಡಿಯಲ್ಲಿ ಹೀಗೆ ನೋವಿದ್ದರೆ ಹೆಚ್ಚಾಗಿ ಅದು ಅಸ್ಥಿಸಂಧಿವಾತ, ಜನ ಸವೆತ ಎನ್ನುವುದು. ಎಕ್ಸ್‌ರೇಯಲ್ಲಿ ‘ಗ್ಯಾಪ್ ಕಡಿಮೆಯಾಗಿದೆ’ ಎಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ಚಿತ್ರದಲ್ಲಿ ಬಹಳ ಸವೆದ ಮಂಡಿಯಿದ್ದೂ ಹೊಲ ಸುತ್ತುವವರಿದ್ದಾರೆ, ಚಿತ್ರ ಚೆನ್ನಾಗಿದ್ದೂ ನರಳುವವರಿದ್ದಾರೆ. ಅವರಿಗೆ ಇದುವರೆಗೆ ಯಾರೂ ವ್ಯಾಯಾಮ ಕಲಿಸಿಲ್ಲ ಎಂದು ನೀವೇ ಬರೆದಿದ್ದೀರಿ. ನನಗೆ ಬೇಸರ ತರುವ ಸಂಗತಿ ಇದೇ. ತೊಡೆಯ ಮುಂಭಾಗದ ಸ್ನಾಯುವಿನ ಬಲ ಹೆಚ್ಚಿಸುವುದು ಮಂಡಿನೋವಿನ ಚಿಕಿತ್ಸೆಯ ತಳಪಾಯ. ನೋವಿದೆಯೆಂದು ಕಾಲು ಚಾಚಿ ಕುಳಿತೇ ಇದ್ದರೆ ಆ ಸ್ನಾಯು ಕರಗುತ್ತದೆ, ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ನೋವು ಮತ್ತಷ್ಟು ಹೆಚ್ಚುತ್ತದೆ.

ಮಲಗಿ, ಸುತ್ತಿದ ಟವೆಲ್ಲನ್ನು ಮಂಡಿಯ ಕೆಳಗಿಟ್ಟು, ಅದನ್ನು ಹಾಸಿಗೆಗೆ ಒತ್ತುವಂತೆ ತೊಡೆ ಬಿಗಿಹಿಡಿದು ಐದು ಎಣಿಸಿ ಬಿಡಬೇಕು. ಹತ್ತು ಸಲ. ಆಮೇಲೆ ಒಂದು ಕಾಲು ಮಡಚಿ, ಇನ್ನೊಂದನ್ನು ನೇರವಾಗಿ ಒಂದು ಗೇಣು ಎತ್ತಿ ಐದು ಎಣಿಸಿ ಮೆಲ್ಲಗೆ ಇಳಿಸಬೇಕು. ಎರಡು ವಾರದಲ್ಲಿ ಇದು ಸುಲಭವಾದಾಗ ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದಕ್ಕೆ ಬರಬೇಕು. ಮೊದಮೊದಲು ಕುರ್ಚಿ ಎತ್ತರವಿರಲಿ. ವ್ಯಾಯಾಮದಲ್ಲಿ ಸ್ವಲ್ಪ ನೋವಾದರೆ ಹೆದರಬೇಕಿಲ್ಲ, ಮರುದಿನಕ್ಕೂ ಹೆಚ್ಚಿದ ನೋವು ಉಳಿದರೆ ಎಣಿಕೆ ಇಳಿಸಬೇಕು. ಫಲ ಕಾಣಲು ಎರಡು ಮೂರು ತಿಂಗಳು ಬಿಡದೆ ಮಾಡಬೇಕು. ತೂಕ ಹೆಚ್ಚಿದ್ದರೆ ಇಳಿಸುವುದು ದೊಡ್ಡ ಲಾಭ: ದೇಹದ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ. ಕೋಲು ಹಿಡಿಯುವುದಾದರೆ ನೋಯುವ ಮಂಡಿಯ ಎದುರು ಬದಿಯ ಕೈಯಲ್ಲಿ ಹಿಡಿಯಲಿ. ಬಹಳ ಜನ ಅದೇ ಬದಿಯಲ್ಲಿ ಹಿಡಿಯುತ್ತಾರೆ. ಶೌಚಕ್ಕೆ ಕುಕ್ಕರಗಾಲಿನ ಬದಲು ಕಮೋಡ್ ಕುರ್ಚಿ, ಊಟಕ್ಕೆ ನೆಲದ ಬದಲು ಮೇಜು ಸಿಕ್ಕರೆ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ನೋವಿನ ಮಾತ್ರೆಗಳಿಗಿಂತ ಡೈಕ್ಲೋಫೆನಾಕ್ ಜೆಲ್ ಹಚ್ಚುವುದು ಮಂಡಿಗೆ ಸುರಕ್ಷಿತವಾದ ಮೊದಲ ಹೆಜ್ಜೆ. ಅದೇ ಜಾತಿಯ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ರಕ್ತದೊತ್ತಡ ಇರುವವರಿಗೆ ಇನ್ನೂ ಅಪಾಯ. ಕೀಲು ಸವೆತಕ್ಕೆಂದು ಮಾರುವ ಗ್ಲುಕೋಸಮೈನ್ ಮಾತ್ರೆಗಳ ಮೇಲೆ ಹಣ ಸುರಿಯಬೇಡಿ, ಪ್ರಮುಖ ಮಾರ್ಗಸೂಚಿಗಳು ಅದನ್ನು ಶಿಫಾರಸು ಮಾಡುವುದಿಲ್ಲ. ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆ ಬಾರದಷ್ಟು, ಮನೆಯಿಂದ ಹೊರಬೀಳಲಾಗದಷ್ಟು ನೋವಿದ್ದರೆ ಆಗ ಮಂಡಿ ಬದಲಾವಣೆ ಒಳ್ಳೆಯ ಚಿಕಿತ್ಸೆಯೇ. ಕೃತಕ ಮಂಡಿಗಳ ಬೆಲೆಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಮಿತಿ ಹಾಕಿದ ಮೇಲೆ ಖರ್ಚು ಇಳಿದಿದೆ. ಆದರೆ ಅಲ್ಲಿಯವರೆಗೆ ಕಾಯುವುದರಿಂದ ಅವರ ಮಂಡಿಗೆ ಆಗುವ ನಷ್ಟ ಕಡಿಮೆ, ತಾಯಿಯವರ ಕೈಗೆ ಆಗುವ ನಷ್ಟ ಹೆಚ್ಚು. ಒಂದು ಅಪವಾದವಿದೆ: ಯಾರದೇ ಆಗಲಿ, ಒಂದೇ ಕೀಲು ಹಠಾತ್ತನೆ ಕೆಂಪಾಗಿ, ಬಿಸಿಯಾಗಿ ಊದಿ ಜೊತೆಗೆ ಜ್ವರ ಬಂದರೆ ಅದು ಕೀಲಿನೊಳಗಿನ ಸೋಂಕಾಗಿರಬಹುದು. ಆಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಬದನೆ, ಆಲೂಗಡ್ಡೆ, ಮೊಸರು ಬಿಡಬೇಕೇ ಎಂದು ಕೇಳಿದ್ದೀರಿ. ಬಿಡಬೇಕಿಲ್ಲ. ಅವುಗಳಿಂದ ಸಂಧಿವಾತ ಬರುತ್ತದೆ ಎನ್ನುವುದಕ್ಕೆ ಪುರಾವೆಯಿಲ್ಲ. ಎಣ್ಣೆಗಾಯಿ, ಮೊಸರು ಎಲ್ಲ ಬಿಡಿಸಿ ಬಡವಾಗಿಸಿದರೆ ರಕ್ತಹೀನತೆ ಬರಬಹುದು, ಈ ಕಾಯಿಲೆಯಲ್ಲಿ ಅದು ಮೊದಲೇ ಸಾಮಾನ್ಯ. ಕ್ಯಾಲ್ಸಿಯಂ ಎಲುಬಿಗೆ ಬೇಕು, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಹಾಲು ಮೊಸರಲ್ಲೂ ಇದೆ. ಆದರೆ ಅದು ಉರಿಯೂತವನ್ನು ನಿಲ್ಲಿಸುವುದಿಲ್ಲ. ಮನೆಯಲ್ಲಿ ಬೀಡಿ ಸೇದುವವರಿದ್ದರೆ ಅದು ತಾಯಿಯವರ ಹತ್ತಿರ ಬೇಡ.

ತಾಯಿಯವರ ಕೈಗಳಿಗೆ ಈಗಲೇ ಮಾಡಬಹುದಾದದ್ದು: ಬೆಳಿಗ್ಗೆ ಎದ್ದ ಕೂಡಲೇ ಉಗುರು ಬೆಚ್ಚಗಿನ ನೀರಲ್ಲಿ ಕೈ ಮುಳುಗಿಸಿ ಹತ್ತು ನಿಮಿಷ ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಚ್ಚಲಿ. ಉಂಗುರ ತೆಗೆಸಿಡಿ, ಊತ ಹೆಚ್ಚಿದರೆ ಬೆರಳು ಬಿಗಿಯುತ್ತದೆ. ಬಟ್ಟೆ ಹಿಂಡುವುದು, ಕೊಡವನ್ನು ಬೆರಳಲ್ಲಿ ತೂಗಿ ಹಿಡಿಯುವುದು, ರೊಟ್ಟಿ ಬಡಿಯುವುದು ಕೆಲವು ತಿಂಗಳು ಬೇರೆಯವರ ಕೆಲಸವಾಗಲಿ. ಪಾತ್ರೆಯನ್ನು ಎರಡೂ ಅಂಗೈಗಳಿಂದ ತಬ್ಬಿ ಎತ್ತಲಿ. ರೊಟ್ಟಿ ನೀವೇ ಬಡಿಯಲು ಕಲಿತರೆ ಯಾವ ಮುಲಾಮಿಗಿಂತಲೂ ಹೆಚ್ಚು ಉಪಕಾರ.

ಆಸ್ಪತ್ರೆಗೆ ಹೋಗುವ ಮೊದಲು ಇನ್ನೊಂದು ಇಂಜೆಕ್ಷನ್ ಹಾಕಿಸಬೇಡಿ, ಊತ ಇಳಿದರೆ ವೈದ್ಯರಿಗೆ ಕಾಯಿಲೆ ಗುರುತಿಸುವುದು ಕಷ್ಟವಾಗುತ್ತದೆ. ಇದುವರೆಗಿನ ಚೀಟಿ, ಮಾತ್ರೆಯ ಖಾಲಿ ಸ್ಟ್ರಿಪ್, ಇಂಜೆಕ್ಷನ್ನಿನ ಸೀಸೆ ಏನು ಸಿಕ್ಕರೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಬಸ್ ಹಿಡಿದು ಸರದಿಯಲ್ಲಿ ಕಾದು ಒಳಗೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿ ಬೆರಳುಗಳು ಸಡಿಲಾಗಿರುತ್ತವೆ. ‘ಈಗ ಪರವಾಗಿಲ್ಲ ಸಾರ್’ ಎಂದು ತಾಯಿಯವರೇ ಹೇಳಿಬಿಡುತ್ತಾರೆ. ಆದ್ದರಿಂದ ನಾಳೆ ಬೆಳಿಗ್ಗೆ ಅವರು ಎದ್ದ ಕೂಡಲೇ ಎರಡೂ ಕೈಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆಯಿರಿ, ಮುಷ್ಟಿ ಮಡಚಲು ಹೇಳಿ ಅದರ ವೀಡಿಯೊ ಮಾಡಿ, ಮುಷ್ಟಿ ಪೂರ್ತಿ ಮುಚ್ಚಲು ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ವೈದ್ಯರ ಮುಂದೆ ಕುಳಿತ ಕೂಡಲೇ ಮೊದಲು ಅದನ್ನೇ ತೋರಿಸಿ.